ಚೀನೀ ಹೋಂವರ್ಕಿಗೆ ಇಂಗ್ಲಿಷಿನ ಸುತ್ತುದಾರಿ ಬೇಡ

ಚೀನೀ ಕ್ಲಾಸಿನ ಹೋಂವರ್ಕಿನಲ್ಲಿ ‘ಲ್ಯೆನ್ ತ್ಸ್ಹ ಛಂಗ್ ಚ್ಯು’ ಎಂಬ ತಲೆಬರಹ ಮತ್ತೆ ಮತ್ತೆ ಬರುತ್ತದೆ. ಪದಗಳನ್ನು ಜೋಡಿಸಿ ವಾಕ್ಯ ಮಾಡಿ ಎಂದು ಅದರ ಅರ್ಥ. ಕೆಳಗೆ ಆರು ಪದಗಳು ಚೆಲ್ಲಾಪಿಲ್ಲಿಯಾಗಿ ಕೂತಿರುತ್ತವೆ: ಲೈಬ್ರರಿ, ‘ಅಲ್ಲಿ’ ಎನ್ನುವ ‘ತ್ಸಾಯ್’, ನಾನು, ಪುಸ್ತಕ ಓದು, ಮಧ್ಯಾಹ್ನ, ಆಗಾಗ. ಹೆಚ್ಚಿನ ಪಠ್ಯಪುಸ್ತಕಗಳ ವಿವರಣೆ ಇಂಗ್ಲಿಷಿನಲ್ಲೇ ಇರುವುದರಿಂದ ನಮ್ಮ ವಿದ್ಯಾರ್ಥಿಗಳು ಈ ಪದಗಳನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಾರೆ. ಇಂಗ್ಲಿಷ್ ವಾಕ್ಯದಲ್ಲಿ ಲೈಬ್ರರಿ ಕ್ರಿಯಾಪದದ ಆಚೆಗೆ ಹೋಗುತ್ತದೆ, ಮಧ್ಯಾಹ್ನ ಅದಕ್ಕೂ ಆಚೆಗೆ. ಅದೇ ಸಾಲನ್ನು ಚೀನೀಯಲ್ಲಿ ಇಳಿಸಿದರೆ ಕೆಂಪು ಪೆನ್ನು ಬೀಳುತ್ತದೆ. ಸರಿಯಾದ ಉತ್ತರ ಹೀಗಿದೆ: ‘ವೊ ಶ್ಯಾವು ಛಾಂಗ್‌ಛಾಂಗ್ ತ್ಸಾಯ್ ಥುಷುಕ್ವಾನ್ ಖಾನ್ ಷು.’ ಇದನ್ನು ಕನ್ನಡದ ಪಕ್ಕದಲ್ಲಿಟ್ಟು ನೋಡಿ. ನಾನು, ಮಧ್ಯಾಹ್ನ, ಆಗಾಗ, ಲೈಬ್ರರಿಯಲ್ಲಿ, ಪುಸ್ತಕ ಓದುತ್ತೇನೆ. ಕೊನೆಯ ಜೋಡಿಯಲ್ಲಿ ಅವರು ‘ಓದು ಪುಸ್ತಕ’ ಎನ್ನುತ್ತಾರೆ, ನಾವು ‘ಪುಸ್ತಕ ಓದು’ ಎನ್ನುತ್ತೇವೆ. ‘ಅಲ್ಲಿ’ ಎನ್ನುವುದು ನಮಗೆ ನಾಮಪದದ ಬಾಲಕ್ಕೆ ಅಂಟುತ್ತದೆ, ಅವರಿಗೆ ಮುಂದೆ ನಿಲ್ಲುತ್ತದೆ. ಇಷ್ಟು ಬಿಟ್ಟರೆ ಪದಗಳ ಸರದಿ ಒಂದೇ.

ಇಡೀ ಬರಹದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ. ಕನ್ನಡ ಬಲ್ಲವರು ಚೀನೀ ಕಲಿಯುವಾಗ ಕನ್ನಡವನ್ನು ಕ್ಲಾಸಿನ ಹೊರಗೆ ಚಪ್ಪಲಿಯ ಹಾಗೆ ಬಿಟ್ಟು ಬರಬೇಕಾಗಿಲ್ಲ. ಎರಡೂ ಭಾಷೆಗಳಿಗೆ ನೆಂಟಸ್ತಿಕೆಯೇನೂ ಇಲ್ಲ, ಆದರೆ ವಾಕ್ಯ ಕಟ್ಟುವ ಹಲವು ಕಡೆ ಹೆಜ್ಜೆ ಹೊಂದುತ್ತದೆ. ಎಲ್ಲಿ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಗೊತ್ತಿದ್ದರೆ ಹೋಂವರ್ಕಿನ ಅರ್ಧ ತಪ್ಪುಗಳು ಹುಟ್ಟುವುದೇ ಇಲ್ಲ.

ಮೊದಲು ಉಚ್ಚಾರದ ಮಾತು, ಯಾಕೆಂದರೆ ಈ ಬರಹದಲ್ಲಿ ಚೀನೀ ಪದಗಳನ್ನು ಬರೆದಿರುವ ಲೆಕ್ಕವೂ ಅದೇ. ಚೀನಾದಲ್ಲಿ 1958ರಲ್ಲಿ ಅಧಿಕೃತವಾದ ಪಿನ್‌ಯಿನ್ ಎಂಬ ರೋಮನ್ ಬರಹಕ್ರಮವನ್ನು ರೂಪಿಸಿದವರಲ್ಲಿ ಝೌ ಯೂಗುವಾಂಗ್ ಪ್ರಮುಖರು. ಅದರಲ್ಲಿ ‘ಬಿ’ ಎಂಬ ರೋಮನ್ ಅಕ್ಷರ ನಮ್ಮ ಬಕಾರವಲ್ಲ, ಪಕಾರ. ‘ಪಿ’ ಎಂಬುದು ಪಕಾರದ ಮಹಾಪ್ರಾಣ, ಅಂದರೆ ‘ಫಲ’ ಎನ್ನುವಾಗಿನ ಹಳೆಯ ಫ, ‘ಫ್ಯಾನ್’ ಎನ್ನುವಾಗಿನದ್ದಲ್ಲ. ಹಾಗೆಯೇ ‘ಡಿ’ ಎಂದರೆ ತ, ‘ಟಿ’ ಎಂದರೆ ಥ. ‘ಜಿ’ ಎಂದು ಓದುವ ಗಂಟಲಿನ ಅಕ್ಷರ ಕ, ‘ಕೆ’ ಎಂದರೆ ಖ. ಕ್ಲಾಸಿನಲ್ಲಿ ಕಲಿಸುವ ಮಂದಾರಿನ್ ಚೀನೀಗೆ ಬ, ದ, ಗಗಳ ಘೋಷ ಇಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ನಡುವಿನ ಭೇದವೇ ಅರ್ಥವನ್ನು ಬೇರೆ ಮಾಡುತ್ತದೆ.  ನಮ್ಮ ವರ್ಣಮಾಲೆಯಲ್ಲಿ ಅದು ಒಂದನೇ ಕ್ಲಾಸಿನಿಂದಲೇ ಕೂತಿದೆ. ಶ ಮತ್ತು ಷ ಕೂಡ ಇಲ್ಲಿ ಕೆಲಸಕ್ಕೆ ಬರುತ್ತವೆ: ಪಿನ್‌ಯಿನ್‌ನ ‘ಎಕ್ಸ್’ ಶಕಾರಕ್ಕೆ ಹತ್ತಿರ, ‘ಎಸ್‌ಎಚ್’ ನಾಲಗೆ ಮಡಿಸಿದ ಷಕಾರ. ಮಾತಿನಲ್ಲಿ ನಾವು ಷಕಾರವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದೇವೆ. ಚೀನೀ ಕ್ಲಾಸಿಗೆ ಅದನ್ನು ಮತ್ತೆ ಎತ್ತಿಕೊಳ್ಳಬೇಕು.

ಆದರೆ ಪಾಠದ ಅಕ್ಷರಗಳ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವ ಅಭ್ಯಾಸ ಎರಡು ವಾರಕ್ಕಿಂತ ಮುಂದೆ ಬೇಡ. ಕಾರಣ, ಚೀನೀ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ, ಅಂದರೆ ಟೋನ್, ಕನ್ನಡ ಲಿಪಿಯಲ್ಲಿ ಇಲ್ಲ. ‘ಮಾಯ್’ ಎಂದು ಬರೆದುಕೊಂಡರೆ ಅದು ಮೂರನೇ ಟೋನಿನ ‘ಕೊಳ್ಳು’ ಇರಬಹುದು, ನಾಲ್ಕನೇ ಟೋನಿನ ‘ಮಾರು’ ಇರಬಹುದು. ಬಾಯಿಗೆ ಟೋನ್ ಇಲ್ಲದ ಪದ ಒಮ್ಮೆ ಕೂತರೆ ಅದನ್ನು ಕಿತ್ತು ಮತ್ತೆ ನೆಡುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಒಂದನೇ ಟೋನ್ ಎತ್ತರದಲ್ಲಿ ಸಮನಾಗಿ ನಿಲ್ಲುತ್ತದೆ, ಎರಡನೆಯದು ಮೇಲೇರುತ್ತದೆ, ನಾಲ್ಕನೆಯದು ಮೇಲಿನಿಂದ ರಪ್ಪನೆ ಇಳಿಯುತ್ತದೆ. ಮೂರನೆಯದನ್ನು ಪುಸ್ತಕಗಳು ಇಳಿದು ಏರುವ ಗೆರೆಯಾಗಿ ತೋರಿಸುತ್ತವೆ, ಆದರೆ ವಾಕ್ಯದ ನಡುವೆ ಅದು ಸಾಮಾನ್ಯವಾಗಿ ತಗ್ಗಿನಲ್ಲೇ ಉಳಿಯುತ್ತದೆ. ಪೂರ್ತಿ ಏರಿಸಲು ಹೋದವರ ಮಾತು ಎರಡನೇ ಟೋನಿನಂತೆ ಕೇಳಿಸುತ್ತದೆ. ಇನ್ನೊಂದು ನಮ್ಮದೇ ತೊಂದರೆ: ಕನ್ನಡದಲ್ಲಿ ಪ್ರಶ್ನೆ ಕೇಳುವಾಗ ದನಿ ಕೊನೆಗೆ ಏರುತ್ತದೆ. ಚೀನೀ ಪ್ರಶ್ನೆಯ ಕೊನೆಯ ಪದ ನಾಲ್ಕನೇ ಟೋನಿನದಾಗಿದ್ದರೆ ಈ ಏರು ಅದನ್ನು ಬೇರೆ ಪದವೇ ಆಗಿಸಿಬಿಡುತ್ತದೆ. ಓದುವಾಗ ಕೊನೆಯ ಪದವನ್ನು ಮೊದಲು ಒಂಟಿಯಾಗಿ ನಾಲ್ಕು ಸಲ ಹೇಳಿ, ಆಮೇಲೆ ವಾಕ್ಯಕ್ಕೆ ಸೇರಿಸಿದರೆ ಇದು ಹತೋಟಿಗೆ ಬರುತ್ತದೆ.

ಪಿನ್‌ಯಿನ್ ಬರೆಯುವ ಹೋಂವರ್ಕಿನಲ್ಲಿ ಮಾರ್ಕ್ಸ್ ಹೋಗುವ ಜಾಗಗಳು ಕೆಲವೇ. ಟೋನ್ ಗುರುತು ‘ಎ’ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ‘ಒ’ ಅಥವಾ ‘ಇ’ ಎಂಬ ರೋಮನ್ ಸ್ವರದ ಮೇಲೆ. ‘ಐ’ ‘ಯು’ ಎರಡೇ ಒಟ್ಟಿಗೆ ಬಂದರೆ ಯಾವುದು ಕೊನೆಗಿದೆಯೋ ಅದರ ಮೇಲೆ. ಎರಡು ಚುಕ್ಕಿಯ ‘ಯು’ ಸ್ವರ ‘ಜೆ’, ‘ಕ್ಯೂ’, ‘ಎಕ್ಸ್’, ‘ವೈ’ಗಳ ನಂತರ ಚುಕ್ಕಿ ಕಳೆದುಕೊಳ್ಳುತ್ತದೆ, ‘ಎನ್’, ‘ಎಲ್’ಗಳ ನಂತರ ಉಳಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಆ ಸ್ವರಕ್ಕೆ ‘ವಿ’ ಒತ್ತಬೇಕು. ಎರಡು ಮೂರನೇ ಟೋನ್ ಒಟ್ಟಿಗೆ ಬಂದರೆ ಮೊದಲನೆಯದು ಎರಡನೇ ಟೋನಾಗಿ ಕೇಳಿಸುತ್ತದೆ. ‘ನಿ ಹಾವ್’ ಎಂಬ ನಮಸ್ಕಾರವೇ ಇದಕ್ಕೆ ಮೊದಲ ಉದಾಹರಣೆ. ಬರೆಯುವಾಗ ಮಾತ್ರ ಮೂಲ ಗುರುತನ್ನೇ ಇಡಬೇಕು. ‘ಒಂದು’ ಎನ್ನುವ ಯಿ, ‘ಇಲ್ಲ’ ಎನ್ನುವ ಪು ವಿಷಯದಲ್ಲಿ ಪುಸ್ತಕಗಳೇ ಬೇರೆಬೇರೆ ದಾರಿ ಹಿಡಿದಿವೆ: ಕೆಲವು ಬದಲಾದ ಟೋನನ್ನು ಹಾಕುತ್ತವೆ, ಕೆಲವು ಮೂಲವನ್ನೇ ಉಳಿಸುತ್ತವೆ. ಕ್ಲಾಸಿನ ಪುಸ್ತಕ ಯಾವ ದಾರಿಯದೋ ಹೋಂವರ್ಕೂ ಅದೇ ದಾರಿಯಲ್ಲಿರಲಿ.

ಇನ್ನು ಅಕ್ಷರ. ಅಭ್ಯಾಸದ ಹಾಳೆಯಲ್ಲಿ ಚೌಕಗಳಿರುತ್ತವೆ, ಪ್ರತಿ ಚೌಕದ ನಡುವೆ ಚುಕ್ಕಿಗೆರೆಯ ಕೂಡುಗುರುತು. ಹೊಲ ಎಂಬ ಅಕ್ಷರದ ಆಕಾರವೂ ಅದೇ ಆದ್ದರಿಂದ ಅದಕ್ಕೆ ‘ಥ್ಯೆನ್ ತ್ಸ ಕ’, ಹೊಲದ ಅಕ್ಷರದ ಚೌಕ, ಎಂದು ಹೆಸರು. ಆ ಚುಕ್ಕಿಗೆರೆ ಅಂದಕ್ಕೆ ಇಟ್ಟದ್ದಲ್ಲ. ಯಾವ ಗೆರೆ ಯಾವ ಕಾಲುಭಾಗದಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಅಳೆಯುವ ಕೋಲು ಅದು.

‘ನಾನು’ ಎಂಬ ಅರ್ಥದ ‘ವೊ’ ಅಕ್ಷರವನ್ನೇ ತೆಗೆದುಕೊಳ್ಳಿ. ಏಳು ಗೆರೆ. ಮೊದಲನೆಯದು ಮೇಲೆ ಎಡಭಾಗದಲ್ಲಿ, ಬಲದಿಂದ ಎಡಕ್ಕೆ ಇಳಿಯುವ ಚಿಕ್ಕ ಓರೆಗೆರೆ. ಎರಡನೆಯದು ಚೌಕದ ಎಡದಿಂದ ಬಲದವರೆಗೆ ಒಂದೇ ಎಳೆತದ ಅಡ್ಡಗೆರೆ. ಮೂರನೆಯದು ಆ ಅಡ್ಡಗೆರೆಯನ್ನು ಎಡಭಾಗದಲ್ಲಿ ಕಡಿದು ಕೆಳಗಿಳಿದು, ತುದಿಯಲ್ಲಿ ಎಡಕ್ಕೆ ಕೊಕ್ಕೆ ಹಾಕುತ್ತದೆ. ನಾಲ್ಕನೆಯದು ಅದೇ ನಿಲುಗೆರೆಯ ಕೆಳಭಾಗವನ್ನು ದಾಟಿ ಎಡದಿಂದ ಬಲಕ್ಕೆ ಮೇಲೇರುತ್ತದೆ. ಐದನೆಯದು ಈ ಅಕ್ಷರದ ಬೆನ್ನೆಲುಬು: ಮೇಲಿನಿಂದ ಹೊರಟು, ಅಡ್ಡಗೆರೆಯ ಬಲಭಾಗವನ್ನು ದಾಟಿ, ಬಲಕ್ಕೆ ಬಾಗುತ್ತಾ ಕೆಳಗಿನ ಮೂಲೆಗೆ ಬಂದು ಮೇಲಕ್ಕೆ ಕೊಕ್ಕೆ. ಆರನೆಯದು ಆ ಬೆನ್ನೆಲುಬನ್ನು ಕಡಿದು ಎಡಕ್ಕೆ ಇಳಿಯುವ ಓರೆಗೆರೆ. ಏಳನೆಯದು ಮೇಲೆ ಬಲಕ್ಕೆ ಒಂದು ಚುಕ್ಕಿ. ಇದರಲ್ಲಿ ಆಗುವ ತಪ್ಪುಗಳು ಎಲ್ಲರಲ್ಲೂ ಒಂದೇ: ಅಡ್ಡಗೆರೆಯನ್ನು ಎರಡು ತುಂಡಾಗಿ ಎಳೆಯುವುದು, ನಾಲ್ಕನೇ ಗೆರೆಯನ್ನು ಮೇಲೇರಿಸುವ ಬದಲು ಕೆಳಗಿಳಿಸುವುದು, ಐದನೆಯದರ ಕೊಕ್ಕೆ ಬಿಡುವುದು, ಕೊನೆಯ ಚುಕ್ಕಿ ಮರೆಯುವುದು. ಅಡ್ಡಗೆರೆ ತುಂಡಾಗಲು ಕಾರಣ, ಕಣ್ಣು ಈ ಅಕ್ಷರವನ್ನು ಎಡ ಬಲ ಎಂಬ ಎರಡು ಭಾಗವಾಗಿ ಓದುತ್ತದೆ. ಗೆರೆಗಳ ಸರದಿ ಕಲಿಯಿರಿ ಎಂದು ಮೇಷ್ಟ್ರು ಹಟ ಹಿಡಿಯುವುದು ಇದಕ್ಕೇ: ಸರದಿ ಸರಿಯಿದ್ದರೆ ಈ ತಪ್ಪು ಕೈಗೆ ಬರುವುದೇ ಇಲ್ಲ. ಸಾಮಾನ್ಯ ನಿಯಮ ಸರಳ. ಮೇಲಿನದು ಮೊದಲು, ಎಡದ್ದು ಮೊದಲು, ಅಡ್ಡ ಮತ್ತು ನಿಲು ಕೂಡಿದರೆ ಅಡ್ಡ ಮೊದಲು, ಪೂರ್ತಿ ಸುತ್ತುವ ಚೌಕವಾದರೆ ಒಳಗಿನದನ್ನು ಬರೆದಮೇಲೆ ಕೆಳಗಿನ ಬಾಗಿಲು ಮುಚ್ಚುವುದು.

ಗೆರೆಯ ಉದ್ದವೂ ಅರ್ಥ ಬದಲಿಸುತ್ತದೆ. ಎರಡು ಅಡ್ಡಗೆರೆ, ನಡುವೆ ಒಂದು ನಿಲುಗೆರೆ: ಕೆಳಗಿನ ಅಡ್ಡಗೆರೆ ಉದ್ದವಿದ್ದರೆ ‘ಮಣ್ಣು’, ಮೇಲಿನದು ಉದ್ದವಿದ್ದರೆ ‘ವಿದ್ವಾಂಸ’. ಕೈ ಬರಹ ಅಂದವಾಗಿಲ್ಲ ಎಂದು ಯಾರೂ ಮಾರ್ಕ್ಸ್ ಕಳೆಯುವುದಿಲ್ಲ, ಆದರೆ ಇಂಥ ಕಡೆ ಉದ್ದ ತಪ್ಪಿದರೆ ಅದು ಕಾಗುಣಿತದ ತಪ್ಪೇ.

ಹೊಸ ಅಕ್ಷರವನ್ನು ಇಪ್ಪತ್ತು ಸಲ ನಕಲು ಮಾಡಿ ಎಂಬ ಹೋಂವರ್ಕ್ ಬಹಳ ಕಡೆ ಇದೆ. ಒಂದೇ ಉಸಿರಿಗೆ ಇಪ್ಪತ್ತು ಸಲ ಬರೆದರೆ ಐದನೆಯದರಿಂದಾಚೆಗೆ ಕೈ ಮಾತ್ರ ಓಡುತ್ತಿರುತ್ತದೆ, ತಲೆ ಬೇರೆಲ್ಲೋ ಇರುತ್ತದೆ. ಕೆಲವರು ಮೊದಲು ಇಪ್ಪತ್ತು ಚೌಕಕ್ಕೂ ಎಡಭಾಗ ಬರೆದು, ಆಮೇಲೆ ಇಪ್ಪತ್ತಕ್ಕೂ ಬಲಭಾಗ ಬರೆಯುತ್ತಾರೆ. ಅದರಿಂದ ಏನೂ ಕಲಿತಂತಾಗುವುದಿಲ್ಲ. ಮೂರು ಸಲ ನೋಡಿ ಬರೆದು, ಪುಸ್ತಕ ಮುಚ್ಚಿ ಎರಡು ಸಲ, ಬೇರೆ ಕೆಲಸ ಮುಗಿಸಿ ಬಂದು ಎರಡು ಸಲ, ಮರುದಿನ ಬೆಳಿಗ್ಗೆ ಮತ್ತೆರಡು ಸಲ, ಹೀಗೆ ಒಡೆದರೆ ಅದೇ ಇಪ್ಪತ್ತು ಚೌಕ ಹಲವು ದಿನಕ್ಕೆ ಹಂಚಿಹೋಗುತ್ತದೆ, ಅಕ್ಷರ ಉಳಿಯುತ್ತದೆ.

ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಭಾಗ ಉಚ್ಚಾರದ ಸುಳಿವು. ‘ಛಿಂಗ್’ ಎಂಬ ಒಂದೇ ಭಾಗದ ಪಕ್ಕ ಮಾತಿನ ಗುರುತು ಇಟ್ಟರೆ ‘ದಯವಿಟ್ಟು’, ನೀರಿನ ಗುರುತು ಇಟ್ಟರೆ ‘ತಿಳಿ’, ಸೂರ್ಯ ಇಟ್ಟರೆ ‘ಮೋಡವಿಲ್ಲದ ಆಕಾಶ’, ಹೃದಯ ಇಟ್ಟರೆ ‘ಭಾವನೆ’. ಟೋನ್ ಮಾತ್ರ ಕೆಲವದರಲ್ಲಿ ಬೇರೆ. ಇವುಗಳನ್ನು ನಾಲ್ಕು ಬೇರೆ ಪಾಠದಲ್ಲಿ ನಾಲ್ಕು ಬೇರೆ ಅಕ್ಷರವಾಗಿ ಕಲಿತವರು ಅದಲುಬದಲು ಮಾಡುತ್ತಾರೆ. ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಒಟ್ಟಿಗೆ ಬರೆದವರು ಮಾಡುವುದಿಲ್ಲ. ಲಿಪಿಯ ರೂಪದಲ್ಲೂ ಒಂದೇ ದಾರಿ ಹಿಡಿಯಬೇಕು. ಚೀನಾದಲ್ಲಿ 1956ರಿಂದ ಸರಳಗೊಳಿಸಿದ ಅಕ್ಷರಗಳು ಬಂದವು, ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಹಳೆಯ ರೂಪ ಉಳಿದಿದೆ. ‘ಕಲಿ’ ಎಂಬ ಅಕ್ಷರ ಸರಳ ರೂಪದಲ್ಲಿ 8 ಗೆರೆ, ಹಳೆಯ ರೂಪದಲ್ಲಿ 16. ಎರಡೂ ಸರಿ, ಆದರೆ ಒಂದೇ ಹಾಳೆಯಲ್ಲಿ ಬೆರೆತರೆ ತಪ್ಪು. ಫೋನಿನ ಕೀಬೋರ್ಡ್ ಯಾವ ರೂಪಕ್ಕೆ ಹೊಂದಿಸಿದೆ ಎಂದು ನೋಡದೆ ಟೈಪ್ ಮಾಡಿದಾಗ ಇದು ಆಗುತ್ತದೆ.

ಪ್ರಶ್ನೆಗೆ ಉತ್ತರ ಬರೆಯುವುದು ಚೀನೀಯಲ್ಲಿ ಹೊಸಬರು ಅಂದುಕೊಂಡಿರುವುದಕ್ಕಿಂತ ಬಹಳ ಸುಲಭ. ಪ್ರಶ್ನೆಯ ಪದ ತನ್ನ ಜಾಗ ಬಿಟ್ಟು ಮುಂದಕ್ಕೆ ಓಡುವುದಿಲ್ಲ. ‘ನಿ ಮೇಯ್‌ಥ್ಯೆನ್ ಚಿ ತ್ಯೆನ್ ಛಿಛ್ವಾಂಗ್?’ ಅಂದರೆ ‘ನೀನು ದಿನಾ ಎಷ್ಟು ಗಂಟೆಗೆ ಏಳುತ್ತೀಯ?’ ‘ನಿ’ ತೆಗೆದು ‘ವೊ’ ಇಡಿ, ‘ಚಿ ತ್ಯೆನ್’ ತೆಗೆದು ‘ಲ್ಯೋ ತ್ಯೆನ್ ಪಾನ್’ ಇಡಿ, ‘ನಾನು ದಿನಾ ಆರೂವರೆಗೆ ಏಳುತ್ತೇನೆ’ ಎಂಬ ಉತ್ತರ ತಯಾರು. ಕನ್ನಡದಲ್ಲೂ ನಾವು ಮಾಡುವುದು ಇದೇ ತಾನೆ? ಆದ್ದರಿಂದ ಉತ್ತರ ಬರೆಯುವ ಮುಂಚೆ ಪೆನ್ಸಿಲಿನಿಂದ ಪ್ರಶ್ನೆಯ ಪದದ ಸುತ್ತ ಗುಂಡು ಸುತ್ತಿ. ಆ ಗುಂಡಿನೊಳಗೆ ಏನು ಕೂರಬೇಕು ಅನ್ನುವುದೊಂದೇ ನಿಮ್ಮ ಕೆಲಸ. ಮಿಕ್ಕ ವಾಕ್ಯವನ್ನು ಪ್ರಶ್ನೆ ಬರೆದವರೇ ಸರಿಯಾಗಿ ಕಟ್ಟಿಕೊಟ್ಟಿದ್ದಾರೆ. ‘ಯಾಕೆ’ ಎಂಬ ‘ವೇಯ್‌ಷನ್‌ಮ’ ಪ್ರಶ್ನೆ ಮಾತ್ರ ಹೊರತು. ಅದಕ್ಕೆ ‘ಯಿನ್‌ವೇಯ್’ ಎಂದು ಶುರುಮಾಡಿ ಕಾರಣ ಬರೆಯಬೇಕು.

ಹೌದು ಅಲ್ಲ ಪ್ರಶ್ನೆಗಳಿಗೆ ಚೀನೀಯಲ್ಲಿ ಕ್ರಿಯಾಪದವನ್ನೇ ತಿರುಗಿ ಹೇಳುತ್ತಾರೆ. ‘ಬಂದ್ಯಾ?’ ‘ಬಂದೆ.’ ಹಾಗೆಯೇ ‘ಛಿ ಲ ಮಾ?’ ‘ಛಿ ಲ.’ ಅಂದರೆ ‘ತಿಂದ್ಯಾ?’ ‘ತಿಂದೆ.’ ನಕಾರದ ಪ್ರಶ್ನೆಯಲ್ಲೂ ಕನ್ನಡದ ದಾರಿಯೇ. ‘ನೀನು ಬರಲ್ವಾ?’ ಎಂದರೆ ನಾವು ‘ಹೂಂ, ಬರಲ್ಲ’ ಎನ್ನುತ್ತೇವೆ. ಅವರೂ ‘ತ್ವೇಯ್, ಪು ಲಾಯ್’ ಎನ್ನುತ್ತಾರೆ: ಮೊದಲು ಕೇಳಿದವರ ಮಾತಿಗೆ ಒಪ್ಪಿಗೆ, ಆಮೇಲೆ ಸಂಗತಿ. ಇಂಗ್ಲಿಷಿನ ಅಭ್ಯಾಸದಲ್ಲಿ ‘ಇಲ್ಲ’ ಎಂದು ಶುರುಮಾಡಿದವರು ಇಲ್ಲಿ ತಪ್ಪುತ್ತಾರೆ.

‘ಕನ್‌ಚ್ಯು ಖವೆನ್’, ಅಂದರೆ ‘ಪಾಠದ ಪ್ರಕಾರ’, ಎಂದು ಪ್ರಶ್ನೆಯ ತಲೆಯ ಮೇಲೆ ಇದ್ದರೆ ಪಾಠದಲ್ಲಿರುವುದನ್ನೇ ಬರೆಯಬೇಕು, ನಿಮ್ಮ ಅಭಿಪ್ರಾಯವನ್ನಲ್ಲ. ಪಾಠದ ವಾಕ್ಯವನ್ನು ಎತ್ತಿ ಬರೆಯಬಹುದು, ಆದರೆ ಅಲ್ಲಿ ಪಾತ್ರ ‘ನಾನು’ ಎಂದಿದ್ದರೆ ಉತ್ತರದಲ್ಲಿ ‘ಅವನು’ ಅಥವಾ ‘ಅವಳು’ ಆಗಬೇಕು. ಎರಡಕ್ಕೂ ಉಚ್ಚಾರ ‘ಥಾ’ ಒಂದೇ, ಅಕ್ಷರ ಬೇರೆ. ಬಾಯಲ್ಲಿ ದಾಟಿಹೋಗುವ ತಪ್ಪು ಹಾಳೆಯ ಮೇಲೆ ಸಿಕ್ಕಿಬೀಳುತ್ತದೆ. ‘ತ್ಸಾವ್‌ಚ್ಯು’, ಅಂದರೆ ಕೊಟ್ಟ ಪದ ಬಳಸಿ ವಾಕ್ಯ ಮಾಡುವುದರಲ್ಲಿ, ವಾಕ್ಯ ಸರಿಯಿದ್ದರೂ ಮಾರ್ಕ್ಸ್ ಬಾರದಿರಬಹುದು. ‘ಅಂತೂ’ ಎಂಬ ಅರ್ಥದ ‘ಚೋಂಗ್‌ಯು’ ಕೊಟ್ಟಾಗ ‘ಬಸ್ಸು ಅಂತೂ ಬಂತು’ ಎಂದಷ್ಟೇ ಬರೆದರೆ ಆ ಪದ ಗೊತ್ತಿದೆ ಎಂಬುದಕ್ಕೆ ಸಾಕ್ಷಿ ಸಾಲದು. ‘ಒಂದು ಗಂಟೆ ಕಾದೆ, ಬಸ್ಸು ಅಂತೂ ಬಂತು’ ಎಂದಾಗ ಕಾಯುವಿಕೆಯೂ ಮುಗಿತಾಯವೂ ವಾಕ್ಯದೊಳಗೇ ಬಂದವು. ‘ಆ ಪದವನ್ನು ಬೆರಳಿನಿಂದ ಮುಚ್ಚಿದರೆ ಓದುವವರು ಅದನ್ನು ಊಹಿಸಬಲ್ಲರೇ?’ ಎಂದು ಕೇಳಿಕೊಂಡು ವಾಕ್ಯ ಮಾಡಿ.

ಕನ್ನಡ ಕೈಕೊಡುವ ಜಾಗಗಳಿಗೂ ಬರೋಣ. ‘ಅವನು ವೈದ್ಯ’ ಎನ್ನುವಲ್ಲಿ ನಮಗೆ ನಡುವೆ ಏನೂ ಬೇಡ. ಚೀನೀಯಲ್ಲಿ ನಾಮಪದಕ್ಕೆ ನಾಮಪದ ಸೇರಿಸುವಾಗ ‘ಷಿ’ ಬೇಕೇಬೇಕು: ‘ಥಾ ಷಿ ಯಿಷಂಗ್.’ ಆದರೆ ‘ಅವಳು ಎತ್ತರ’ ಎನ್ನುವಾಗ ಷಿ ಬರಬಾರದು, ಅಲ್ಲಿ ‘ಹನ್’ ಬರಬೇಕು: ‘ಥಾ ಹನ್ ಕಾವ್.’ ಹನ್ ಎಂದರೆ ‘ತುಂಬಾ’ ಎಂದು ನಿಘಂಟು ಹೇಳುತ್ತದೆ, ಈ ಜಾಗದಲ್ಲಿ ಅದಕ್ಕೆ ಅಷ್ಟು ತೂಕವಿಲ್ಲ. ಹನ್ ಬಿಟ್ಟರೆ ವಾಕ್ಯ ಯಾರನ್ನೋ ಹೋಲಿಸಿ ಹೇಳಿದಂತೆ, ಅರ್ಧಕ್ಕೆ ನಿಂತಂತೆ ಕೇಳಿಸುತ್ತದೆ. ‘ಮತ್ತು’ ಎಂಬುದಕ್ಕೆ ‘ಹ’ ಎಂದು ಕಲಿತವರು ಎರಡು ವಾಕ್ಯಗಳ ನಡುವೆಯೂ ಅದನ್ನೇ ಹಾಕುತ್ತಾರೆ. ಹ ಸಾಮಾನ್ಯವಾಗಿ ನಾಮಪದಗಳನ್ನು ಕೂಡಿಸಲಿಕ್ಕೆ ಇರುವುದು. ವಾಕ್ಯಕ್ಕೆ ವಾಕ್ಯ ಸೇರಿಸಲು ಅಲ್ಪವಿರಾಮವೇ ಎಷ್ಟೋ ಸಲ ಸಾಕು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ‘ಲ’. ಇದನ್ನು ಭೂತಕಾಲದ ಪ್ರತ್ಯಯ ಎಂದು ಮನಸ್ಸಿನಲ್ಲಿ ಬರೆದುಕೊಂಡವರು ‘ಚಿಕ್ಕಂದಿನಲ್ಲಿ ದಿನಾ ಈಜುತ್ತಿದ್ದೆ’ ಎಂಬಲ್ಲೂ ಲ ಹಾಕುತ್ತಾರೆ. ಅಲ್ಲಿ ಬೇಡ, ಯಾಕೆಂದರೆ ಅದು ರೂಢಿ. ಲ ಹೇಳುವುದು ಒಂದು ಕೆಲಸ ಆಗಿಹೋಯಿತು ಎಂದು, ಅಥವಾ ಪರಿಸ್ಥಿತಿ ಬದಲಾಯಿತು ಎಂದು. ‘ಮಳೆ ಶುರುವಾಯ್ತು’ ಎನ್ನುವಾಗಿನ ‘ಆಯ್ತು’ ಅದರ ಎರಡನೇ ಅರ್ಥಕ್ಕೆ ಹತ್ತಿರ. ಆಗಲಿಲ್ಲ ಎಂದು ಹೇಳಲು ‘ಮೇಯ್’ ಬಂದಮೇಲೆ, ಆದದ್ದನ್ನು ಹೇಳುವ ಲ ಅದೇ ಕ್ರಿಯಾಪದದ ಹಿಂದೆ ನಿಲ್ಲಬಾರದು. ನಮಗೆ ಒಲಿದುಬರುವ ರಚನೆಯೂ ಇಲ್ಲೇ ಇದೆ: ‘ವೊ ಪಾ ತ್ಸ್ವೊಯೆ ಶ್ಯೆವಾನ್ ಲ.’ ‘ನಾನು ಹೋಂವರ್ಕನ್ನು ಬರೆದು ಮುಗಿಸಿದೆ.’ ‘ಪಾ’ ಎಂಬುದು ಕರ್ಮವನ್ನು ಕ್ರಿಯಾಪದದ ಮುಂದಕ್ಕೆ ತರುತ್ತದೆ, ನಮ್ಮ ‘ಅನ್ನು’ ಕೂತಿರುವ ಜಾಗಕ್ಕೆ. ‘ಶ್ಯೆವಾನ್’ ಎಂಬುದು ಅಕ್ಷರಶಃ ‘ಬರೆದು ಮುಗಿಸು’. ಇಂಗ್ಲಿಷ್ ವಿವರಣೆಯಲ್ಲಿ ಈ ಪಾಠಕ್ಕೆ ಪುಟಗಟ್ಟಲೆ ಬೇಕಾಗುತ್ತದೆ. ‘ಬರೆದು ಮುಗಿಸು’, ‘ಕೇಳಿ ತಿಳಿ’, ‘ಹುಡುಕಿ ತೆಗೆ’ ಎನ್ನುವ ಬಾಯಿಗೆ ಅದು ಹೊಸತಲ್ಲ. ‘ನಾನು ನಿನ್ನೆ ಕೊಂಡ ಪುಸ್ತಕ’ ಕೂಡ ಹಾಗೆಯೇ: ‘ವೊ ತ್ಸ್ವೊಥ್ಯೆನ್ ಮಾಯ್ ತ ಷು.’ ಸರದಿ ಕೂದಲೆಳೆಯಷ್ಟೂ ಬದಲಾಗದು.

ಸಂಖ್ಯೆಗಳಲ್ಲೊಂದು ಹೊಂಡವಿದೆ. 105 ಎನ್ನಲು ‘ಯಿ ಪಾಯ್ ಲಿಂಗ್ ವು’, ನಡುವೆ ಸೊನ್ನೆ ಹೇಳಲೇಬೇಕು. ‘ಯಿ ಪಾಯ್ ವು’ ಎಂದರೆ 150 ಆಗಿಬಿಡುತ್ತದೆ. ದೊಡ್ಡ ಸಂಖ್ಯೆಗೆ ಹತ್ತು ಸಾವಿರದ ‘ವಾನ್’ ಅಳತೆ: ಒಂದು ಲಕ್ಷ ಅಂದರೆ ಹತ್ತು ವಾನ್, ಒಂದು ಕೋಟಿ ಅಂದರೆ ಸಾವಿರ ವಾನ್. ಎರಡು ಎಂಬುದು ಎಣಿಸುವಾಗ ‘ಅರ್’, ವಸ್ತುಗಳನ್ನು ಲೆಕ್ಕ ಹೇಳುವಾಗ ‘ಲ್ಯಾಂಗ್’.

ಪ್ಯಾರಾಗ್ರಾಫ್ ಬರೆಯಬೇಕಾಗಿ ಬಂದಾಗ ಕನ್ನಡದಲ್ಲಿ ಬರೆದುಕೊಂಡು ತಿರುಗಿಸಲು ಹೋಗಬಾರದು. ನಮಗೆ ಕನ್ನಡದಲ್ಲಿ ಹೇಳಲು ಬರುವುದು ಬಹಳ, ಚೀನೀಯಲ್ಲಿ ಗೊತ್ತಿರುವುದು ಸ್ವಲ್ಪ. ಆ ನಡುವಿನ ಕಂದಕ ತುಂಬಲು ನಿಘಂಟು ತೆರೆದರೆ ಪಾಠದಲ್ಲಿಲ್ಲದ ಪದಗಳೇ ಸಾಲುಗಟ್ಟುತ್ತವೆ. ಗೊತ್ತಿರುವ ವಾಕ್ಯಗಳಿಂದಲೇ ಮೇಲಕ್ಕೆ ಕಟ್ಟುತ್ತಾ ಹೋಗಬೇಕು. ‘ನಿನಗೆ ಯಾವ ವ್ಯಾಯಾಮ ಎಲ್ಲಕ್ಕಿಂತ ಇಷ್ಟ, ಯಾಕೆ? 70 ಅಕ್ಷರಗಳಲ್ಲಿ ಬರೆ’ ಎಂಬ ಪ್ರಶ್ನೆ ಇದೆ ಅನ್ನಿ. ಮೊದಲ ವಾಕ್ಯವನ್ನು ಪ್ರಶ್ನೆಯೇ ಕೊಡುತ್ತದೆ: ‘ವೊ ತ್ಸ್ವೇಯ್ ಶಿಹ್ವಾನ್ ಯೋಯೊಂಗ್’, ನನಗೆ ಈಜು ಎಲ್ಲಕ್ಕಿಂತ ಇಷ್ಟ. ಆರು ಅಕ್ಷರ. ಇಲ್ಲಿ ‘ನನಗೆ’ ಎಂಬುದು ‘ನಾನು’ ಆಗುತ್ತದೆ, ನೆನಪಿರಲಿ. ಎರಡನೆಯದು ಯಾವಾಗ, ಯಾರ ಜೊತೆ: ‘ವೊ ಮೇಯ್ ಕ ಶಿಂಗ್‌ಛಿ-ಲ್ಯೋ ಕನ್ ಚ್ಯೆಚ್ಯೆ ಯಿಛಿ ಛ್ಯು ಯೋಯೊಂಗ್’, ಪ್ರತಿ ಶನಿವಾರ ಅಕ್ಕನ ಜೊತೆ ಈಜಲು ಹೋಗುತ್ತೇನೆ. ಹದಿನಾಲ್ಕು. ಮೂರನೆಯದು ಎಷ್ಟು ಹೊತ್ತು: ‘ವೊಮನ್ ಮೇಯ್ ತ್ಸ್ಹ ಯೋ ಯಿ ಕ ಶ್ಯಾವ್‌ಷಿ’, ಪ್ರತಿ ಸಲ ಒಂದು ಗಂಟೆ ಈಜುತ್ತೇವೆ. ಒಂಬತ್ತು. ನಾಲ್ಕನೆಯದು ಆಗ ಮತ್ತು ಈಗ: ‘ಕಾಂಗ್ ಖಾಯ್‌ಷಿ ತ ಷಿಹೋ, ವೊ ಚಿ ಹ್ವೇಯ್ ಯೋ ಷಿ ಮಿ, ಶ್ಯೆನ್‌ತ್ಸಾಯ್ ನಂಗ್ ಯೋ ಲ್ಯಾಂಗ್ ಪಾಯ್ ಮಿ ಲ’, ಶುರುವಿನಲ್ಲಿ ಹತ್ತು ಮೀಟರ್ ಮಾತ್ರ ಈಜಲು ಬರುತ್ತಿತ್ತು, ಈಗ ಇನ್ನೂರು ಮೀಟರ್ ಈಜಬಲ್ಲೆ. ಇಪ್ಪತ್ತು. ಐದನೆಯದು ಪರಿಣಾಮ: ‘ಯೋಯೊಂಗ್ ಯಿಹೋ, ವೊ ವಾನ್‌ಷಾಂಗ್ ಷ್ವೇಯ್ ತ ಹನ್ ಹಾವ್’, ಈಜಿದ ಮೇಲೆ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತೇನೆ. ಹನ್ನೊಂದು. ಆರನೆಯದು ‘ಸ್ವೊಯಿ’ ಎಂದು, ಅಂದರೆ ‘ಆದ್ದರಿಂದ’ ಎಂದು ಶುರುಮಾಡಿ, ಈಜೇ ಎಲ್ಲಕ್ಕಿಂತ ಒಳ್ಳೆಯ ವ್ಯಾಯಾಮ ಅನ್ನಿಸುತ್ತದೆ ಎಂಬ ವಾಕ್ಯ. ಹದಿಮೂರು. ಒಟ್ಟು 73 ಅಕ್ಷರ. ಆರು ಪೂರ್ಣವಿರಾಮ, ಮೂರು ಅಲ್ಪವಿರಾಮ ಸೇರಿಸಿದರೆ 82 ಚೌಕ ತುಂಬುತ್ತವೆ.

ಈ ಪ್ಯಾರಾದಲ್ಲಿ ಎರಡು ಕಡೆ ಗಮನ ಬೇಕು. ‘ಯೋಯೊಂಗ್’ ಎಂಬ ಪದ ಮೂರನೇ ವಾಕ್ಯದಲ್ಲಿ ಬರೀ ‘ಯೋ’ ಆಗಿದೆ. ‘ಷ್ವೇಯ್‌ಚ್ಯಾವ್’ ಎಂಬ ನಿದ್ದೆಯ ಪದ ಐದನೆಯದರಲ್ಲಿ ಬರೀ ‘ಷ್ವೇಯ್’. ಇವೆರಡೂ ಬಿಡಿಸಬಹುದಾದ ಜೋಡಿಪದಗಳು. ಮೊದಲ ಅರ್ಧ ಕ್ರಿಯೆ, ಎರಡನೆಯ ಅರ್ಧ ಅದರ ಕರ್ಮದಂತೆ. ಎಷ್ಟು ಹೊತ್ತು, ಹೇಗೆ ಎಂಬುದು ಕ್ರಿಯೆಗೇ ನೇರವಾಗಿ ಅಂಟಬೇಕು. ‘ಯೋಯೊಂಗ್ ಯಿ ಕ ಶ್ಯಾವ್‌ಷಿ’ ಎಂದು ಬರೆಯುವುದು ಮಧ್ಯಮ ಹಂತದವರಲ್ಲೂ ಕಾಣುವ ತಪ್ಪು. ಪದ ಕಲಿಯುವ ದಿನವೇ ನೋಟ್‌ಬುಕ್ಕಿನಲ್ಲಿ ನಡುವೆ ಒಂದು ಓರೆಗೆರೆ ಎಳೆದು ಬರೆದುಕೊಂಡರೆ ಇದು ತಪ್ಪುತ್ತದೆ. ಇನ್ನೊಂದು, ‘ತ’ ಎಂದು ಕೇಳಿಸುವ ಕಿರುಪದಕ್ಕೆ ಮೂರು ಅಕ್ಷರಗಳಿವೆ. ನಾಮಪದದ ಮುಂದೆ ಒಂದು, ಕ್ರಿಯಾಪದದ ಮುಂದೆ ಒಂದು, ಕ್ರಿಯಾಪದದ ಹಿಂದೆ ಮತ್ತೊಂದು. ‘ಷ್ವೇಯ್ ತ ಹನ್ ಹಾವ್’ನಲ್ಲಿರುವುದು ಮೂರನೆಯದು. ಟೈಪ್ ಮಾಡುವಾಗ ಕೀಬೋರ್ಡ್ ಮೊದಲನೆಯದನ್ನೇ ಮುಂದೆ ಮಾಡುತ್ತದೆ, ಕೈ ಅದನ್ನೇ ಒತ್ತಿಬಿಡುತ್ತದೆ. ‘ಅಲ್ಲಿ’ ಮತ್ತು ‘ಮತ್ತೆ’ ಎಂಬ ಎರಡು ‘ತ್ಸಾಯ್’ಗಳ ಕತೆಯೂ ಇದೇ.

ಹಾಳೆಯ ನಿಯಮಗಳೂ ಇವೆ. ಪ್ರಬಂಧದ ಹಾಳೆಯಲ್ಲಿ ಸಾಲಿಗೆ ಇಪ್ಪತ್ತು ಚೌಕ, ಇಪ್ಪತ್ತು ಸಾಲು, ಒಟ್ಟು 400 ಚೌಕ ಇರುವುದು ವಾಡಿಕೆ. ತಲೆಬರಹ ನಡುವೆ. ಪ್ರತಿ ಪ್ಯಾರಾ ಎರಡು ಖಾಲಿ ಚೌಕ ಬಿಟ್ಟು ಶುರು. ಪದಗಳ ನಡುವೆ ಜಾಗ ಬಿಡುವಂತಿಲ್ಲ. ಪೂರ್ಣವಿರಾಮ ಅಂದರೆ ಚುಕ್ಕಿಯಲ್ಲ, ಚಿಕ್ಕ ಪೊಳ್ಳು ವೃತ್ತ. ಅದಕ್ಕೂ ಒಂದು ಚೌಕ. ಆದರೆ ಸಾಲಿನ ಮೊದಲ ಚೌಕದಲ್ಲಿ ವಿರಾಮ ಚಿಹ್ನೆ ಕೂರಬಾರದು, ಹಿಂದಿನ ಸಾಲಿನ ಕೊನೆಯ ಅಕ್ಷರದ ಚೌಕದಲ್ಲೇ ಒತ್ತರಿಸಿ ಹಾಕಬೇಕು. ಸೇಬು, ಬಾಳೆ, ದ್ರಾಕ್ಷಿ ಎಂದು ಪಟ್ಟಿ ಹೇಳುವಾಗ ಅಲ್ಪವಿರಾಮದ ಬದಲು ‘ತುನ್‌ಹಾವ್’ ಎಂಬ, ಎಳ್ಳಿನ ಆಕಾರದ ಬೇರೊಂದು ಚಿಹ್ನೆ. ಅರ್ಧಕ್ಕೆ ನಿಲ್ಲಿಸುವ ಚುಕ್ಕಿಗಳು ಮೂರಲ್ಲ ಆರು, ಎರಡು ಚೌಕದಲ್ಲಿ. ಪುಸ್ತಕದ ಹೆಸರಿಗೆ ಉದ್ಧರಣ ಚಿಹ್ನೆ ಬೇಡ, ಜೋಡಿ ಕೋನದ ಆವರಣ ಬೇಕು. ತಾರೀಖು ಬರೆಯುವಾಗ ವರ್ಷ, ತಿಂಗಳು, ದಿನ, ಇದೇ ಸರದಿ.

ಅನುವಾದದ ಆ್ಯಪ್‌ಗಳ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ. ಒಂದು ಪದ ಹುಡುಕಲು ಪ್ಲೆಕೊ ಥರದ ನಿಘಂಟು ಬಳಸಿ, ಅದರ ಉದಾಹರಣೆ ವಾಕ್ಯವನ್ನೂ ಓದಿ. ಇಡೀ ವಾಕ್ಯವನ್ನು ಯಂತ್ರಕ್ಕೆ ಕೊಡಬೇಡಿ. ಅದು ತಪ್ಪು ಮಾಡುತ್ತದೆ ಎಂಬುದು ಮುಖ್ಯ ಕಾರಣವಲ್ಲ. ಎಷ್ಟೋ ಸಲ ಸರಿಯಾಗಿಯೇ ಕೊಡುತ್ತದೆ. ಹತ್ತನೇ ಪಾಠದವರ ಹಾಳೆಯಲ್ಲಿ ಐವತ್ತನೇ ಪಾಠದ ವಾಕ್ಯ ಕಂಡಾಗ ಮೇಷ್ಟ್ರಿಗೆ ನಿಮಗೇನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿಯುವ ಒಂದೇ ಕಿಟಕಿ ಮುಚ್ಚಿಹೋಗುತ್ತದೆ. ಟೈಪ್ ಮಾಡುವುದೂ ಕೈಯಲ್ಲಿ ಬರೆಯುವುದೂ ಬೇರೆ ವಿದ್ಯೆಗಳು. ಮೊದಲನೆಯದಕ್ಕೆ ಅಕ್ಷರದ ಗುರುತು ಸಿಕ್ಕರೆ ಸಾಕು, ಎರಡನೆಯದಕ್ಕೆ ಪೂರ್ತಿ ನೆನಪಾಗಬೇಕು. ಚೀನಾ 2021ರಲ್ಲಿ ಜಾರಿಗೆ ತಂದ ಕಲಿಕಾ ಮಾನದಂಡವೂ ಇದನ್ನು ಒಪ್ಪಿದೆ: ಓದಿ ಗುರುತಿಸಲು 3000 ಅಕ್ಷರ, ಕೈಯಲ್ಲಿ ಬರೆಯಲು 1200. ಚೀನೀ ಭಾಷಾಜ್ಞಾನ ಅಳೆಯುವ, ಆರು ಹಂತಗಳ ಎಚ್‌ಎಸ್‌ಕೆ ಪರೀಕ್ಷೆಯ ಮಾದರಿಯಲ್ಲಿ ಐದನೇ ಹಂತಕ್ಕೆ 80 ಅಕ್ಷರಗಳ ಎರಡು ಪುಟ್ಟ ಬರಹ ಬರೆಯಬೇಕು. ಆರನೆಯದರಲ್ಲಿ ಸುಮಾರು 1000 ಅಕ್ಷರಗಳ ಕತೆಯನ್ನು 10 ನಿಮಿಷ ಓದಿ, ಅದನ್ನು ಹಿಂದಕ್ಕೆ ಕೊಟ್ಟು, 35 ನಿಮಿಷದಲ್ಲಿ 400 ಅಕ್ಷರಗಳಿಗೆ ಇಳಿಸಬೇಕು, ಸ್ವಂತ ಅಭಿಪ್ರಾಯ ಸೇರಿಸದೆ. ಮೇಲೆ ಹೇಳಿದ ಆರು ವಾಕ್ಯಗಳ ಕಟ್ಟಡ ಇದಕ್ಕೆಲ್ಲ ತಳಪಾಯ.

ಕ್ಲಾಸಿನಲ್ಲಿ ಕೂತಾಗ ಕೇಳಲು ಸಂಕೋಚ ಪಡುವವರಿಗೆ ಮೂರು ವಾಕ್ಯ ಸಾಕು. ‘ಲಾವ್‌ಷಿ, ಚಕ ತ್ಸ ತ್ಸನ್‌ಮ ಶ್ಯೆ?’ ಮೇಷ್ಟ್ರೇ, ಈ ಅಕ್ಷರ ಹೇಗೆ ಬರೆಯುವುದು? ಕೊನೆಯ ‘ಶ್ಯೆ’ ಬದಲು ‘ನ್ಯೆನ್’ ಇಟ್ಟರೆ ಹೇಗೆ ಓದುವುದು ಎಂದಾಗುತ್ತದೆ. ‘ಛಿಂಗ್ ತ್ಸಾಯ್ ಷ್ವೊ ಯಿ ಪ್ಯೆನ್’, ದಯವಿಟ್ಟು ಇನ್ನೊಮ್ಮೆ ಹೇಳಿ. ಮೇಷ್ಟ್ರ ಮನೆತನದ ಹೆಸರು ವಾಂಗ್ ಆದರೆ ‘ವಾಂಗ್ ಲಾವ್‌ಷಿ’ ಎನ್ನಬೇಕು, ಬರೀ ಹೆಸರು ಹಿಡಿದು ಕರೆಯುವಂತಿಲ್ಲ. ‘ಥಿಂಗ್‌ಶ್ಯೆ’, ಅಂದರೆ ಡಿಕ್ಟೇಷನ್ ನಡೆಯುವಾಗ ಅಕ್ಷರ ಹೊಳೆಯದಿದ್ದರೆ ಜಾಗ ಖಾಲಿ ಬಿಡಬೇಡಿ. ಪಿನ್‌ಯಿನ್ ಮತ್ತು ಟೋನ್ ಬರೆದು ಮುಂದೆ ಹೋಗಿ. ಕಿವಿ ಸರಿಯಿತ್ತೋ, ಕೈ ತಪ್ಪಿತೋ ಎಂದು ಆಮೇಲೆ ನೋಡಲು ಅದೊಂದೇ ಗುರುತು.

ತಿದ್ದಿದ ಹಾಳೆ ವಾಪಸ್ ಬಂದಮೇಲೆ ಮಾಡುವ ಕೆಲಸಕ್ಕೆ ‘ತಿಂಗ್‌ಚಂಗ್’ ಎನ್ನುತ್ತಾರೆ, ತಿದ್ದುಪಡಿಯನ್ನು ಮತ್ತೆ ಬರೆಯುವುದು. ಚೀನಾದ ಶಾಲಾಮಕ್ಕಳು ಇದಕ್ಕೆ ಬೇರೆಯೇ ಒಂದು ನೋಟ್‌ಬುಕ್ ಇಡುತ್ತಾರೆ, ತಪ್ಪುಗಳ ಪುಸ್ತಕ. ಪುಟದ ಎಡಕ್ಕೆ ತಪ್ಪು ವಾಕ್ಯ, ಬಲಕ್ಕೆ ಸರಿ ವಾಕ್ಯ, ಕೆಳಗೆ ಒಂದು ಸಾಲಿನಲ್ಲಿ ಕಾರಣ. ಆ ಕಾರಣವನ್ನು ಕನ್ನಡದಲ್ಲೇ ಬರೆಯಿರಿ: ‘ಇಲ್ಲಿ ಇಂಗ್ಲಿಷಿನ ಹಾಗೆ ಜಾಗವನ್ನು ಕೊನೆಗೆ ಹಾಕಿದೆ’, ‘ಇಲ್ಲಿ ಕನ್ನಡದ ಹಾಗೆ ಷಿ ಬಿಟ್ಟೆ’. ಹತ್ತು ಹಾಳೆ ಆದಮೇಲೆ ಆ ಕೆಳಗಿನ ಸಾಲುಗಳನ್ನಷ್ಟೇ ಓದಿಕೊಂಡು ಹೋಗಿ, ಯಾವ ಕಾರಣ ಎಷ್ಟು ಸಲ ಬಂದಿದೆ ಎಂದು ಪಕ್ಕದಲ್ಲಿ ಗೀಟು ಹಾಕಿ. ಮುಂದಿನ ಹೋಂವರ್ಕ್ ಒಪ್ಪಿಸುವ ಮುಂಚೆ ಹೆಚ್ಚು ಗೀಟು ಬಿದ್ದ ಆ ಒಂದು ಕಾರಣಕ್ಕಾಗಿಯೇ ಹಾಳೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ.